ರೈಸ್ ಮಿಲ್ ಮೋಟರಿಗೆ ಎಂಟು ಚಾನೆಲ್‌ನ ಡಾಕ್: ಎರಡು ಹಂಗಾಮು ಓಡಿಸಿದ ಮೇಲೆ

ರೇಟಿಂಗ್ 5ಕ್ಕೆ 3.5. ಕಳೆದ ಒಂದೂವರೆಯೂ ಟ್ರಿಗರ್‌ನ (ಗೊತ್ತುಮಾಡಿದ ಮಟ್ಟ ದಾಟಿದೊಡನೆ ರೆಕಾರ್ಡ್ ಹಿಡಿಯುವ ವ್ಯವಸ್ಥೆ) ಲೆಕ್ಕಕ್ಕೇ.

ಡಾಕ್ (DAQ) ಎಂದರೆ ವೋಲ್ಟೇಜ್ ಅಳೆದು ಕಂಪ್ಯೂಟರಿನಲ್ಲಿ ದಾಖಲಿಸುವ ಸಾಧನ. 16 ಬಿಟ್, ±10 ವೋಲ್ಟಿನ ಯುಎಸ್‌ಬಿ ಡಬ್ಬಿ ಇದು. ಕಾರಟಗಿಯ ಮಿಲ್ಲಿನಲ್ಲಿ 75 ಎಚ್‌ಪಿ ಸ್ಟಾರ್-ಡೆಲ್ಟಾ (ಕಡಿಮೆ ಕರೆಂಟಿನ ಸ್ಟಾರ್ ಜೋಡಣೆಯಲ್ಲಿ ಶುರುವಾಗಿ ಡೆಲ್ಟಾಕ್ಕೆ ಬದಲಾಗುವ) ಮೋಟರ್ ಯಾವ ಗಳಿಗೆಯಲ್ಲಿ ಟ್ರಿಪ್ ಆಗುತ್ತದೆಂದು ಹಿಡಿಯಲು ಹಾಕಿದ್ದು. 415 ವೋಲ್ಟ್ ಲೈನನ್ನು ಇದಕ್ಕೆ ಮುಟ್ಟಿಸುವ ಮಾತೇ ಇಲ್ಲ. ತಂತಿಯ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ, ಆಂಪಿಯರಿಗೆ 10 ಮಿಲಿವೋಲ್ಟ್ ಕೊಡುವ ಎಸಿ ಕ್ಲ್ಯಾಂಪ್ ಸಾಕು.

ಫುಲ್ ಲೋಡಿಗೆ ಸುಮಾರು 100 ಆಂಪಿಯರ್, ಅಂದರೆ 1 ವೋಲ್ಟ್. ಆದರೆ ಅದು ಆರ್‌ಎಂಎಸ್, ಅಂದರೆ ಅಲೆಯ ಒಂದು ಬಗೆಯ ಸರಾಸರಿ. ಡಾಕ್ ನೋಡುವುದು ಅಲೆಯ ತುದಿಯನ್ನು: 1.41. ಟ್ರಿಗರ್ ಲೆವೆಲ್ 1.2ಕ್ಕೆ ಇಟ್ಟು ‘ಸುಮ್‌ಸುಮ್ನೆ ಟ್ರಿಗರ್ ಆಗ್ತದ’ ಎಂದು ಡಬ್ಬಿಯನ್ನು ಬೈಯುವವರು ಎಡವುವುದು ಇಲ್ಲೇ. ಸ್ಟಾರಿನಲ್ಲಿ 200 ಆಂಪಿಯರ್ ಎಳೆದರೆ ತುದಿ 2.8 ಮುಟ್ಟುತ್ತದೆ, ಆದ್ದರಿಂದ ಲೆವೆಲ್ 2 ವೋಲ್ಟ್, ರೈಸಿಂಗ್ ಎಡ್ಜ್ (ಅಲೆ ಏರುವಾಗ ಮಾತ್ರ).

ಇನ್ನು ಹೋಲ್ಡ್ಆಫ್, ಅಂದರೆ ಒಂದು ಟ್ರಿಗರ್ ಆದಮೇಲೆ ಮುಂದಿನದನ್ನು ತಡೆಹಿಡಿಯುವ ಹೊತ್ತು. ಡೀಫಾಲ್ಟ್ ಸೊನ್ನೆ. 50 ಹರ್ಟ್ಸ್ ಅಲೆ ಸೆಕೆಂಡಿಗೆ 50 ಸಲ ಆ ಗೆರೆ ದಾಟುತ್ತದೆ, ಒಂದೇ ಸ್ಟಾರ್ಟಿಗೆ ಫೈಲುಗಳ ರಾಶಿ ಬೀಳುತ್ತದೆ. 30 ಸೆಕೆಂಡ್ ಕೊಡಿ. ರೆಕಾರ್ಡ್ 20 ಸೆಕೆಂಡ್, ಪ್ರೀ-ಟ್ರಿಗರ್ 10%: ಸ್ಟಾರ್ಟಿಗೆ ಮುಂಚಿನ 2 ಸೆಕೆಂಡ್ ಸಿಗುತ್ತದೆ, ಡೆಲ್ಟಾಕ್ಕೆ ಬದಲಾಗುವಾಗ ಏಳುವ ಮುಳ್ಳೂ ಒಳಗೆ ಬರುತ್ತದೆ.

ಪಕ್ಕದಲ್ಲೇ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ, ಎಲೆಕ್ಟ್ರಿಕಲ್ ಗದ್ದಲ ಎಬ್ಬಿಸುವ ಡ್ರೈವ್) ಇದ್ದರೆ ಹಿಸ್ಟರಿಸಿಸ್ (ಮತ್ತೆ ಟ್ರಿಗರ್ ಆಗಲು ಅಲೆ ಲೆವೆಲ್‌ಗಿಂತ ಇಳಿಯಬೇಕಾದಷ್ಟು ಅಂತರ) 0.2 ವೋಲ್ಟಾದರೂ ಬೇಕು. ಕೇಬಲ್ಲಿನ ಶೀಲ್ಡನ್ನು ಡಾಕ್ ಕಡೆಗೆ ಮಾತ್ರ ಅರ್ಥ್ ಮಾಡಿ. ಎರಡೂ ತುದಿಗೆ ಕೊಟ್ಟರೆ ಹಮ್ ಗ್ಯಾರಂಟಿ. ಖಾಲಿ ಚಾನೆಲ್‌ಗಳನ್ನು ಗ್ರೌಂಡಿಗೆ ಸೇರಿಸಿ. ಒಳಗಿರುವ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ಒಂದೇ, ಅದು ಚಾನೆಲ್‌ಗಳನ್ನು ಸರದಿಯಲ್ಲಿ ಓದುತ್ತದೆ, ಹಾಗಾಗಿ ತೇಲುವ ಪಿನ್ನಿನಲ್ಲಿ ಪಕ್ಕದ ಚಾನೆಲ್‌ನ ನೆರಳು ಕಾಣುತ್ತದೆ. ಡಬ್ಬದ ಮೇಲೆ ಬರೆದ ಸ್ಪೀಡೂ ಎಂಟಕ್ಕೆ ಹಂಚಿಹೋಗುವಂಥದ್ದು. ನಾಲ್ಕೇ ಚಾನೆಲ್ ಆನ್ ಮಾಡಿ, ಒಂದೊಂದಕ್ಕೆ ಸೆಕೆಂಡಿಗೆ 5,000 ಸ್ಯಾಂಪಲ್ ಧಾರಾಳ.

ಪ್ರಾಕ್ಸಿಮಿಟಿ ಸೆನ್ಸರಿನಿಂದ ಡಿಜಿಟಲ್ ಟ್ರಿಗರ್ ಕೊಡುವುದಾದರೆ 24 ವೋಲ್ಟನ್ನು 5 ವೋಲ್ಟ್ ಪಿನ್ನಿಗೆ ತೋರಿಸಬೇಡಿ, ಪಿನ್ ಸುಡುತ್ತದೆ. ನಡುವೆ ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸಿ ಎರಡು ಕಡೆಯನ್ನೂ ಬೇರ್ಪಡಿಸುವ ಬಿಡಿಭಾಗ), ಅದರ ಎಲ್‌ಇಡಿಗೆ 2.2 ಕಿಲೋಓಮ್ (ಸುಮಾರು 10 ಮಿಲಿಆಂಪಿಯರ್), ಪಿನ್ ಕಡೆ 5 ವೋಲ್ಟಿಗೆ 10 ಕಿಲೋಓಮ್ ಪುಲ್‌ಅಪ್.

ತೌಡಿನ ದೂಳಿಗೆ ಡಬ್ಬಿ ಜಗ್ಗಿಲ್ಲ. ಮೂಗು ಮುರಿಯುವಂಥದ್ದು ಒಂದೇ: ಕರೆಂಟ್ ಹೋಗಿ ಬಂದರೆ ಟ್ರಿಗರ್ ತಾನಾಗಿ ಆರ್ಮ್ ಆಗುವುದಿಲ್ಲ, ಅಂದರೆ ಮತ್ತೆ ಕಾವಲಿಗೆ ಕೂರುವುದಿಲ್ಲ. ಮಿಲ್ಲಿನ ಮೋಟರ್‌ಗಳೆಲ್ಲ ಮತ್ತೆ ಸ್ಟಾರ್ಟ್ ಆಗುವುದೂ ಆಗಲೇ! ಕಂಪ್ಯೂಟರಿಗೊಂದು ಸಣ್ಣ ಯುಪಿಎಸ್ ಬೆಲೆ ಸೇರಿಸಿಕೊಂಡೇ ಕೊಳ್ಳಿ.