ಹಾಲು ಕಟ್ಟಿದ ಎದೆಗೆ ಜೆಲ್ ಪ್ಯಾಕ್: ಮಡಿಲಲ್ಲಿ ಮಗುವಿಲ್ಲದವರಿಗಾಗಿ ಬರೆದದ್ದು

ಈ ಜೆಲ್ ಪ್ಯಾಕ್ ಬಗ್ಗೆ ನಾನು ಓದಿದ್ದೆಲ್ಲ ಹಾಲುಣಿಸುವ ತಾಯಂದಿರು ಬರೆದದ್ದು. ನನ್ನ ಕಥೆ ಬೇರೆ. ಎಂಟನೇ ತಿಂಗಳಲ್ಲಿ ಬಿಪಿ ಏರಿ ನಮ್ಮ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆರಿಗೆಯಾದ ಮೂರನೇ ದಿನಕ್ಕೆ ಎದೆ ಕಲ್ಲಾಯಿತು. ಹೀಗಾಗುತ್ತದೆ ಅಂತ ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಬಸಿರಿನ ಹಾರ್ಮೋನ್ ಒಮ್ಮೆಲೇ ಇಳಿಯುತ್ತದೆ, ಅದರ ಹಿಂದೆಯೇ ಹಾಲು ಬರುತ್ತದೆ. ಮಗು ಬದುಕಿದೆಯೋ ಇಲ್ಲವೋ ಮೈಗೆ ತಿಳಿಯುವುದಿಲ್ಲ.

ಹಾಲು ನಿಲ್ಲಿಸಲು ಕ್ಯಾಬರ್ಗೋಲಿನ್ ಅನ್ನುವ ಮಾತ್ರೆ ಇದೆ. ಹೆರಿಗೆಯ ಮೊದಲ ದಿನವೇ 1 ಮಿಲಿಗ್ರಾಂ ಒಂದೇ ಸಲ ಕೊಡುತ್ತಾರೆ. ಬಸಿರಿನಲ್ಲಿ ಬಿಪಿ ಏರಿದವರಿಗೆ ಅದು ಆಗುವುದಿಲ್ಲ, ಹಾಗಾಗಿ ನನಗೆ ಕೊಡಲಿಲ್ಲ. ಉಳಿದದ್ದು ತಂಪು, ಪ್ಯಾರಾಸಿಟಮಾಲ್ ಮತ್ತು ತಾಳ್ಮೆ. ಅಕ್ಕ ಆನ್‌ಲೈನಿನಲ್ಲಿ ಹುಡುಕಿ ತರಿಸಿದ್ದೇ ಈ ಪ್ಯಾಕ್.

ದುಂಡಗೆ, ನಡುವೆ ತೂತು, ಒಳಗೆ ಮಣಿಯಂಥ ಜೆಲ್, ಮೇಲೊಂದು ಬಟ್ಟೆಯ ಕವರ್. ಫ್ರೀಜರಿನಿಂದ ತೆಗೆದರೂ ಗಟ್ಟಿಯಾಗಿರುವುದಿಲ್ಲ, ಎದೆಯ ಆಕಾರಕ್ಕೆ ಒಗ್ಗಿ ಬ್ರಾ ಒಳಗೆ ಕೂರುತ್ತದೆ. ತೊಟ್ಟಿಗೆ ತಾಗುವುದಿಲ್ಲ ಅನ್ನುವುದು ನಮ್ಮಂಥವರಿಗೆ ದೊಡ್ಡ ವಿಷಯ, ಯಾಕೆಂದರೆ ತೊಟ್ಟು ಉಜ್ಜಿದಷ್ಟೂ ಹಾಲು ಸುರಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಉರಿ ಇಳಿದು ತೋಳು ಎತ್ತುವಷ್ಟಾಗುತ್ತಿತ್ತು. ಆ ಹೊತ್ತಿಗೆ ಅದರ ತಂಪೂ ಮುಗಿದಿರುತ್ತದೆ. ಒಂದು ಜೊತೆ ಸಾಲದು. ಒಂದು ಎದೆಯ ಮೇಲಿದ್ದಾಗ ಇನ್ನೊಂದು ಫ್ರೀಜರಿನಲ್ಲಿರಬೇಕು, ಎರಡು ಜೊತೆ ತರಿಸಿಕೊಳ್ಳಿ.

ಕೊರತೆಗಳೂ ಇವೆ. ಕಂಕುಳವರೆಗೂ ಗಂಟುಕಟ್ಟಿದ ಬಾವಿಗೆ ಈ ದುಂಡು ಮುಟ್ಟುವುದೇ ಇಲ್ಲ. ಅಲ್ಲಿಗೆ ಫ್ರೀಜರಿನ ಬಟಾಣಿ ಪ್ಯಾಕೆಟ್ಟನ್ನೇ ಟವೆಲಿನಲ್ಲಿ ಸುತ್ತಿ ಒತ್ತಿಕೊಂಡೆ, ಚೆನ್ನಾಗಿ ಕೆಲಸ ಮಾಡಿತು. ಕವರ್ ಬೇಗ ಹಾಲಿನಲ್ಲಿ ನೆನೆದು ವಾಸನೆ ಹಿಡಿಯುತ್ತದೆ, ಬದಲಿಗೆ ಇನ್ನೊಂದು ಕೊಟ್ಟಿಲ್ಲ. ಹಳೆಯ ಪಂಚೆ ಹರಿದು ಸುತ್ತಿಕೊಂಡೆವು.

ನನಗೆ ನಿಜವಾಗಿ ಬೇಸರ ತಂದದ್ದು ಒಳಗಿದ್ದ ಸೂಚನೆಯ ಚೀಟಿ. "ಹಾಲುಣಿಸುವ ಮೊದಲು ಬಿಸಿ ಮಾಡಿ ಇಡಿ" ಅಂತ ಮೊದಲ ಸಾಲಿನಲ್ಲೇ ಇದೆ. ಉಣಿಸದವರು ಬಿಸಿ ಮಾಡಲೇಬಾರದು, ಬಿಸಿ ತಾಗಿದರೆ ಹಾಲು ಇನ್ನಷ್ಟು ಇಳಿಯುತ್ತದೆ. ನಮ್ಮಂಥವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಡಬ್ಬದ ತುಂಬ ನಗುವ ಕೂಸಿನ ಚಿತ್ರ. ಅಕ್ಕ ಅದನ್ನು ಬಾಗಿಲಲ್ಲೇ ಬಿಚ್ಚಿ, ಡಬ್ಬ ಹೊರಗೆಸೆದು, ಪ್ಯಾಕ್ ಮಾತ್ರ ನನ್ನ ಕೈಗೆ ಕೊಟ್ಟಳು. ಇಂಥ ಮನೆಗೆ ತರಿಸಿಕೊಡುವವರು ದಯವಿಟ್ಟು ಹಾಗೇ ಮಾಡಿ.

ಬಾಣಂತಿಗೆ ಥಂಡಿಯೇ ಅಂತ ಅಜ್ಜಿ ಗಾಬರಿಯಾದರು. ಹಂಡೆಯ ಬಿಸಿನೀರು ಎದೆಗೆ ಹುಯ್ಯಬೇಕು, ಸೀರೆ ಹರಿದು ಬಿಗಿದು ಕಟ್ಟಬೇಕು ಅನ್ನುವುದು ಅವರ ಮಾತು. ಸ್ನಾನ ಬಿಡಲಿಲ್ಲ, ನೀರು ಬೆನ್ನಿಗೆ ಬೀಳುವಂತೆ ತಿರುಗಿ ಕೂತೆ. ಬಿಗಿದು ಕಟ್ಟಿದರೆ ನೋವು ಹೆಚ್ಚುತ್ತದೆ, ಹಾಲಿನ ನಾಳ ಕಟ್ಟಿಕೊಳ್ಳಲೂಬಹುದು. ಒತ್ತದೆ ಎತ್ತಿ ಹಿಡಿಯುವ, ತಂತಿಯಿಲ್ಲದ ಬ್ರಾ ಹಗಲೂ ರಾತ್ರಿ ಇದ್ದರೆ ಸಾಕು.

ಅಜ್ಜಿಯ ಇನ್ನೊಂದು ಮಾತನ್ನು ಮಾತ್ರ ಸಂತೋಷದಿಂದ ಕೇಳಿದೆ. ದುಂಡುಮಲ್ಲಿಗೆಯ ದಂಡೆ ತಂದು ಎದೆಗೆ ಸುತ್ತಿದರು. ಇದು ಬರೀ ನಂಬಿಕೆಯಲ್ಲ. ವೆಲ್ಲೂರಿನ ವೈದ್ಯರು ಇದನ್ನೇ ಹಾಲು ನಿಲ್ಲಿಸುವ ಬ್ರೋಮೋಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದ್ದಾರೆ. ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಹೆಚ್ಚು ಇಳಿದದ್ದು ಮಾತ್ರೆಯಿಂದ, ಆದರೆ ಎದೆಯ ಬಿಗಿತ ಮತ್ತು ಹಾಲು ಕಡಿಮೆ ಮಾಡುವುದರಲ್ಲಿ ಮಲ್ಲಿಗೆ ಹಿಂದೆ ಬಿದ್ದಿರಲಿಲ್ಲ. ನನಗೆ ಎಷ್ಟು ಹೂವಿನಿಂದ, ಎಷ್ಟು ಜೆಲ್ಲಿನಿಂದ ಇಳಿಯಿತು ಅಂತ ಬೇರ್ಪಡಿಸಿ ಹೇಳಲಾರೆ. ಆದರೆ ಅಜ್ಜಿಯ ಕೈ ಹಿತವಾಗಿತ್ತು.

ಪಂಪ್ ಕೊಳ್ಳಬೇಡಿ. ಹಾಲು ಒಳಗೇ ನಿಂತಾಗಲೇ ಉತ್ಪತ್ತಿ ತಗ್ಗುವುದು, ಪೂರ್ತಿ ತೆಗೆದರೆ ಮತ್ತೆ ತುಂಬುತ್ತದೆ. ತಡೆಯಲಾಗದಿದ್ದರೆ ಕೈಯಿಂದ, ಬಿಗಿ ಸಡಿಲವಾಗುವಷ್ಟೇ ಹಿಂಡಿ. ನನಗೆ ಐದನೇ ದಿನ ಅತಿ ಕಷ್ಟವಾಯಿತು, ಆಮೇಲೆ ಇಳಿಯುತ್ತಾ ಬಂತು. ತೊಟ್ಟಿಕ್ಕುವುದು ಇನ್ನೂ ಕೆಲವು ವಾರ ಇತ್ತು.

ಪ್ಯಾಕಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಚೀಟಿಗೆ ಏನೂ ಇಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ, ಅಥವಾ ಎದೆಯ ಒಂದು ಕಡೆ ಮಾತ್ರ ಕೆಂಪಾಗಿ ಕಾದು ಚಳಿ ಹಿಡಿದರೆ ಪ್ಯಾಕ್ ನೆಚ್ಚಿ ಕೂರಬೇಡಿ, ಅದು ಸೋಂಕಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.