ಡಾಟ್ ಕಾಮ್, ಡಾಟ್ ಇನ್, ಡಾಟ್ ಲಕ್ಷುರಿ: ಮೈಸೂರಿನ ಸಣ್ಣ ದುಬಾರಿ ಅಂಗಡಿಗೆ ಯಾವ ವಿಳಾಸ?

ಬೀಟೆ ಮರದ ಇನ್‌ಲೇ, ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿಯ ಚಿತ್ರ, ಅಸಲಿ ಜರಿಯ ಸೀರೆ. ಇಂಥ ಸರಕು ಮಾರುವ ಅಂಗಡಿಗೆ ತಿಂಗಳಿಗೆ ನಾಲ್ಕೈದು ಗಿರಾಕಿ ಬಂದರೂ ನಡೆಯುತ್ತದೆ. ಆದರೆ ಆ ನಾಲ್ಕೈದು ಜನ ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತು ಫೋನಿನಲ್ಲಿ ಅಂಗಡಿಯ ವೆಬ್ ವಿಳಾಸ ಕೇಳುವವರು. ಹಾಗಾಗಿ ಇಲ್ಲಿ ನಾವು ಹಿಡಿದ ತಕ್ಕಡಿ ಒಂದೇ: ಒಮ್ಮೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ?

ಈ ತಕ್ಕಡಿಯಲ್ಲಿ ಮೊದಲು ಸೋಲುವುದು ನಮ್ಮ ಚೆಂದದ ಕನ್ನಡ ಪದಗಳೇ. ‘ಶ್ರೀಗಂಧ’ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಶ್ರೀ’ಯನ್ನು ಮೂರು ಬಗೆ ಬರೆಯುವವರಿದ್ದಾರೆ, ‘ಧ’ಕ್ಕೆ ಎಚ್ ಹಾಕುವವರು, ಬಿಡುವವರು ಬೇರೆ. ಅಲ್ಲಿಗೆ ಆರು ವಿಳಾಸವಾಯಿತು. ‘ಮಲ್ಲಿಗೆ’ಯಲ್ಲಿ ಎರಡು ಎಲ್ ಇದೆಯೆಂದು ಹೊರಗಿನವರಿಗೆ ಹೊಳೆಯುವುದಿಲ್ಲ. ‘ಕುಸುರಿ’ ಮಾತ್ರ ಇಂಗ್ಲಿಷಿನಲ್ಲಿ ಆರೇ ಅಕ್ಷರ, ಕೇಳಿದ ಹಾಗೇ ಬರೆಯಬಹುದು, ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಆದರೆ ಜಪಾನಿ ಭಾಷೆಯಲ್ಲಿ ಕುಸುರಿ ಎಂದರೆ ಔಷಧಿ! ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶಿಯರೂ ಗಿರಾಕಿಗಳಾಗಿದ್ದರೆ, ಹೆಸರಿಡುವ ಮುನ್ನ ಇಂಥದ್ದನ್ನೂ ಒಮ್ಮೆ ಹುಡುಕಿ ನೋಡಬೇಕು.

ಊರಿನ ಹೆಸರು ಸೇರಿಸುವುದು ಬೇಡ ಎಂಬುದು ನಮ್ಮ ಮತ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಯು ಅಕ್ಷರದ ‘ಮೈಸೂರು’ ಬಂತು. ಹೊರದೇಶದವರು ಇನ್ನೂ ಹಳೆಯ ಕಾಗುಣಿತವನ್ನೇ ಹೊಡೆಯುತ್ತಾರೆ. ಸೇರಿಸಲೇಬೇಕೆಂದರೆ ಎರಡನ್ನೂ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬೇಕು, ಖರ್ಚು ದುಪ್ಪಟ್ಟು. ‘ಮೈಸೂರು ಸಿಲ್ಕ್’ ಎಂಬ ಜೋಡಿಯನ್ನಂತೂ ಮುಟ್ಟಲೇಬಾರದು. ಅದು ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಹೆಸರು, ನೋಂದಣಿ ಇರುವುದು ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಹೆಸರಿನಲ್ಲಿ. ಡೊಮೇನ್, ಅಂದರೆ ವೆಬ್ ವಿಳಾಸದ ಹೆಸರು, ಮಾರುವ ಕಂಪನಿ ಇದನ್ನೆಲ್ಲ ನೋಡುವುದಿಲ್ಲ, ಖಾಲಿ ಇದ್ದರೆ ಕೊಟ್ಟುಬಿಡುತ್ತದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಕೊಳ್ಳುವ ಮುಂಚೆ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ನಿಮ್ಮ ಸರಕಿನ ವರ್ಗ ನೋಡಿ: ಉಡುಪಿಗೆ 25, ಬಟ್ಟೆಗೆ 24, ಸುಗಂಧಕ್ಕೆ 3, ಆಭರಣಕ್ಕೆ 14.

ಇನ್ನು ಬಾಲದ ವಿಚಾರ. ಡಾಟ್ ಕಾಮ್ ಸಿಕ್ಕರೆ ಮರುಮಾತಿಲ್ಲದೆ ತೆಗೆದುಕೊಳ್ಳಿ, ಬೆರಳಿಗೆ ರೂಢಿಯಾಗಿರುವುದು ಅದೇ. ಬೇಕಾದ ಪದ ಸಿಗದೆ ನಡುವೆ ಅಡ್ಡಗೆರೆ ಹಾಕಿ ಕೊಳ್ಳುವವರು ಒಂದು ನೆನಪಿಡಬೇಕು: ಗೆರೆ ಮರೆತ ಗಿರಾಕಿಯ ಆರ್ಡರ್ ಮೇಲ್ ಗೆರೆಯಿಲ್ಲದ ವಿಳಾಸದ ಒಡೆಯನಿಗೆ ಹೋಗುತ್ತದೆ. ಡಾಟ್ ಇನ್ 2005ರಿಂದ ಎಲ್ಲರಿಗೂ ಮುಕ್ತ, ಚಿಕ್ಕದು, ಹೇಳಲು ಸುಲಭ. ದೇಶದೊಳಗಿನ ವ್ಯಾಪಾರಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಆದರೆ ಅದೇ ಪದದ ಡಾಟ್ ಕಾಮ್ ಯಾರ ಬಳಿ ಇದೆ ನೋಡಿ. ಬೇರೆ ದೇಶದ ಟೈರ್ ಅಂಗಡಿಯಾದರೆ ತೊಂದರೆಯಿಲ್ಲ, ಇನ್ನೊಬ್ಬ ಸೀರೆ ವ್ಯಾಪಾರಿಯಾದರೆ ಹೆಸರನ್ನೇ ಬಿಡಿ.

ಡಾಟ್ ಲಕ್ಷುರಿಗೆ ಒಂದೂವರೆ ಅಂಕ. ಬಾಯಲ್ಲಿ ‘ಲಕ್ಷುರಿ’, ‘ಲಗ್ಜುರಿ’ ಎಂದು ಹೇಳಿದ್ದನ್ನು ಎಕ್ಸ್ ಹಾಕಿ ಬರೆಯಬೇಕೆಂದು ವಿವರಿಸಬೇಕು. ಅಷ್ಟು ಹೇಳಿದ ಮೇಲೂ ಕೆಲವರು ಕೊನೆಗೊಂದು ಡಾಟ್ ಕಾಮ್ ಸೇರಿಸುತ್ತಾರೆ. ವರ್ಷವರ್ಷದ ನವೀಕರಣ ಶುಲ್ಕವೂ ಡಾಟ್ ಕಾಮ್‌ಗಿಂತ ಹಲವು ಪಟ್ಟು. ಅದಕ್ಕಿಂತ ಹೆಚ್ಚಾಗಿ, ತಾನು ಐಷಾರಾಮಿ ಎಂದು ತಾನೇ ಬೋರ್ಡು ಹಾಕಿಕೊಂಡ ಅಂಗಡಿ ಅಷ್ಟು ಗಟ್ಟಿ ಎನಿಸುವುದಿಲ್ಲ. ಕನ್ನಡ ಲಿಪಿಯ ‘ಡಾಟ್ ಭಾರತ’ ವಿಸಿಟಿಂಗ್ ಕಾರ್ಡಿನ ಮೇಲೆ ಬಲು ಚೆಂದ. ಕಾಪಿ ಮಾಡಿ ಅಂಟಿಸಿದಾಗ ಮಾತ್ರ ಕೆಲವೆಡೆ ಎಕ್ಸ್ ಎನ್‌ನಿಂದ ಶುರುವಾಗುವ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಅನೇಕ ಫಾರ್ಮುಗಳು ಇಂಥ ಮೇಲ್ ವಿಳಾಸ ಒಪ್ಪುವುದಿಲ್ಲ. ಎರಡನೆಯ ವಿಳಾಸವಾಗಿ ಇಟ್ಟುಕೊಂಡು ಮುಖ್ಯ ತಾಣಕ್ಕೆ ತಿರುಗಿಸಿದರೆ ಸಾಕು.

ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ನವೀಕರಣದ ದರ ನೋಡಿ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿಸಿ. ಹೆಸರಿಗೆ ಹಿಂದೆ ಬೇರೆ ಒಡೆಯರಿದ್ದರೇ ಎಂದು ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಪರಿಶೀಲಿಸಿ. ಜೂಜಿನ ತಾಣವಾಗಿದ್ದ ಹೆಸರಿನಿಂದ ಕಳಿಸಿದ ಮೇಲ್ ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು. ಖಾತೆ, ಮೇಲ್, ಫೋನ್ ನಂಬರ್ ಮೂರೂ ಅಂಗಡಿ ಮಾಲೀಕರದ್ದೇ ಇರಲಿ. ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ನೋಂದಾಯಿಸಿದರೆ ದಾಖಲೆಯ ಪ್ರಕಾರ ಒಡೆಯರು ಅವರೇ. ಡಾಟ್ ಕಾಮ್ ಕೊಂಡ ಮೇಲೆ ಬರುವ ಖಚಿತಪಡಿಸುವ ಇಮೇಲ್‌ನ ಕೊಂಡಿಯನ್ನು 15 ದಿನದೊಳಗೆ ಒತ್ತದಿದ್ದರೆ ತಾಣ ಸ್ಥಗಿತವಾಗಬಹುದು.

ಆಟೋ ರಿನ್ಯೂವಲ್ ನಂಬಿ ಕೂರಬೇಡಿ. 2021ರ ಅಕ್ಟೋಬರಿನಿಂದ ಮರುಕಳಿಸುವ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳಿವೆ. ಅವಕ್ಕೆ ಹೊಂದದ ವಿದೇಶಿ ಕಂಪನಿಗಳ ಕಡೆಯಿಂದ ಬರುವ ಪಾವತಿ ನಿರಾಕರಣೆಯಾಗುತ್ತದೆ. ಒಟ್ಟಿಗೆ ಐದು ವರ್ಷಕ್ಕೆ ಕಟ್ಟುವುದು ಲೇಸು, ಗರಿಷ್ಠ ಹತ್ತು ವರ್ಷಕ್ಕೂ ಕಟ್ಟಬಹುದು. ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ಕೆಲ ದಿನ ಮಾಮೂಲಿ ದರಕ್ಕೇ ಬಿಡಿಸಿಕೊಳ್ಳಬಹುದು. ಆ ಗಡುವು ಕಂಪನಿಯಿಂದ ಕಂಪನಿಗೆ ಬೇರೆ. ಅದು ದಾಟಿ ಅಳಿಸಲ್ಪಟ್ಟರೆ 30 ದಿನ ದುಬಾರಿ ದಂಡದ ಕಾಲ, ನಂತರ 5 ದಿನ ಯಾರೂ ಮುಟ್ಟುವಂತಿಲ್ಲ. ಆರನೆಯ ದಿನ ಹೆಸರು ಮೊದಲು ಕೈ ಹಾಕಿದವರದ್ದು.