ಎರಿಥ್ರಿಟಾಲ್ ಪುಡಿ: ಶ್ರೀಖಂಡಕ್ಕೆ ಸೈ, ಐಸ್‌ಕ್ರೀಮಿಗೆ ಬೇಡ

ಎರಿಥ್ರಿಟಾಲ್ ಅಂದರೆ ಸಕ್ಕರೆಯ ಬದಲು ಬಳಸುವ ಸಿಹಿ ಪದಾರ್ಥ, ನೋಡಲು ಥೇಟ್ ಸಕ್ಕರೆ. ಸಿಹಿ ಮಾತ್ರ ಸಕ್ಕರೆಯ ಮುಕ್ಕಾಲಿಗೂ ಕಡಿಮೆ; ನಾಲಿಗೆಗಿಟ್ಟರೆ ಪೆಪ್ಪರ್‌ಮಿಂಟಿನ ಹಾಗೆ ತಣ್ಣಗೆ. ಗ್ರಾಮಿಗೆ 0.2 ಕ್ಯಾಲರಿ, ರಕ್ತದ ಸಕ್ಕರೆ ಹೆಚ್ಚುಕಮ್ಮಿ ಏರುವುದೇ ಇಲ್ಲ. ಬೆಲೆ ಸಕ್ಕರೆಯ ಹತ್ತು ಪಟ್ಟಿಗೂ ಮಿಕ್ಕಿ. ಇಷ್ಟು ಕೊಟ್ಟು ತಂದ ಮೇಲೆ ಕೆನೆಯಂಥ ಸಿಹಿ ಕೆಡುವುದು ಒಂದೇ ಕಾರಣಕ್ಕೆ: ಇದು ನೀರಿನಲ್ಲಿ ಸಕ್ಕರೆಯ ಮೂರನೇ ಒಂದು ಪಾಲೂ ಕರಗುವುದಿಲ್ಲ. ಕರಗಿದ್ದೂ ಫ್ರಿಜ್‌ನಲ್ಲಿ ಮತ್ತೆ ಹರಳುಗಟ್ಟುತ್ತದೆ.

ಇದರ ಕೈಗುಣ ತೋರುವುದು ಶ್ರೀಖಂಡದಲ್ಲೇ. 1 ಲೀಟರ್ ಗಟ್ಟಿ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಫ್ರಿಜ್‌ನೊಳಗೇ 8 ಗಂಟೆ ಬಿಡಿ. ಹೊರಗೆ ನೇತುಹಾಕಿದರೆ ಹುಳಿ ಏರುತ್ತದೆ, ಹುಳಿ ಮುಚ್ಚಲು ಸಿಹಿ ಸುರಿಯಬೇಕಾಗುತ್ತದೆ. ಸುಮಾರು 400 ಗ್ರಾಂ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು, ಸಿಗುತ್ತದೆ. ಬಸಿದ ನೀರಿನ ಜೊತೆ ಹಾಲಿನ ಸಕ್ಕರೆಯೂ ಒಂದಷ್ಟು ಇಳಿದು ಹೋಗಿರುತ್ತದೆ. ಕಾರ್ಬ್ (ಸಕ್ಕರೆ, ಪಿಷ್ಟದ ಅಂಶ) ಲೆಕ್ಕ ಹಾಕುವವರಿಗೆ ಇದು ಲಾಭ.

ಇದಕ್ಕೆ ಎರಿಥ್ರಿಟಾಲ್ 60 ಗ್ರಾಂ, ಅಷ್ಟೇ. ಸಿಹಿ ಸಾಲದೆಂದು 100 ಗ್ರಾಂ ಹಾಕಿದರೆ ಹೆಚ್ಚಾದದ್ದು ಕರಗದೆ ಮರಳಿನಂತೆ ಉಳಿಯುತ್ತದೆ. ಕೊರತೆಯನ್ನು ಶುದ್ಧ ಸ್ಟೀವಿಯಾದಿಂದ (ಗಿಡದ ಎಲೆಯಿಂದ ತೆಗೆದ ತೀವ್ರ ಸಿಹಿಯ ಪುಡಿ) ತುಂಬಿಸಿ, ಚಮಚದ ತುದಿಯಷ್ಟು. ತುಸು ಮೀರಿದರೂ ಗಂಟಲಲ್ಲಿ ಕಹಿ ನಿಲ್ಲುತ್ತದೆ. ಹರಳನ್ನು ಹಾಗೇ ಹಾಕಬೇಡಿ. ಒಣ ಮಿಕ್ಸಿ ಜಾರಿನಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿ, ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಧೂಳು ನೇರ ಮೂಗಿಗೆ. ಚಕ್ಕಾ ಜೊತೆ ಕಲಸಿ ಸಣ್ಣ ಜರಡಿಯಲ್ಲಿ ತಿಕ್ಕಿ ಇಳಿಸಿ. ಒಂದು ಚಮಚ ಬಿಸಿ ಹಾಲಿನಲ್ಲಿ ನೆನೆದ ಕೇಸರಿ, ಏಲಕ್ಕಿ, ಚಿಟಿಕೆ ಉಪ್ಪು. ಜಾಯಿಕಾಯಿ ತಪ್ಪಿಸಬೇಡಿ: ಆ ಪೆಪ್ಪರ್‌ಮಿಂಟ್ ತಂಪನ್ನು ಮರೆಸುವುದು ಅದೇ. ಎರಡು ದಿನದೊಳಗೆ ಮುಗಿಸಿ; ಮೂರನೇ ದಿನ ಹಲ್ಲಿಗೆ ಕರಕರ.

ಸ್ಟೀವಿಯಾ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಎಷ್ಟೋ ಪುಡಿಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆತಿರುತ್ತದೆ. ಅದು ಪಿಷ್ಟದ್ದೇ ತಮ್ಮ. ಬೇರೆ ಕೆನೆ ಸಿಹಿಗಳಿಗೆ ಕ್ರೀಮ್ ಕೊಳ್ಳುವಾಗಲೂ ಇದೇ ಕಥೆ. 25% ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ನೊರೆ ನಿಲ್ಲದು, 30ರಿಂದ 35% ಆದರೂ ಬೇಕು. ಕೇಕ್ ಸಾಮಾನಿನ ಅಂಗಡಿಯ ನಾನ್‌ಡೈರಿ ವಿಪ್ಪಿಂಗ್ ಕ್ರೀಮಿಗೆ ಸಾಮಾನ್ಯವಾಗಿ ಮೊದಲೇ ಸಕ್ಕರೆ ಹಾಕಿರುತ್ತಾರೆ.

ಬಾಸುಂದಿಗೂ ಇದನ್ನು ಹಾಕಬಹುದು, ರುಚಿಗೆ ಮೋಸವಿಲ್ಲ. ಆದರೆ ಲೋ ಕಾರ್ಬ್ ಅನ್ನಬೇಡಿ. 1 ಲೀಟರ್ ಹಾಲಿನಲ್ಲಿ 45 ಗ್ರಾಮಿಗೂ ಹೆಚ್ಚು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇದೆ. ಕಾಯಿಸಿ ಕಾಲು ಲೀಟರಿಗೆ ಇಳಿಸಿದರೂ ಅದು ಆವಿಯಾಗುವುದಿಲ್ಲ, ಪಾತ್ರೆಯಲ್ಲೇ ಇರುತ್ತದೆ. ಶುಗರ್ ಫ್ರೀ ಬೋರ್ಡು ಇದನ್ನು ಹೇಳುವುದಿಲ್ಲ.

ಐಸ್‌ಕ್ರೀಮಂತೂ ಬೇಡ. ಕಡೆದ ದಿನ ಮೆತ್ತಗೆ, ಮರುದಿನ ಕಲ್ಲು: ಎರಿಥ್ರಿಟಾಲ್ ಹರಳಾಗಿ ಬೇರ್ಪಟ್ಟ ಮೇಲೆ ಉಳಿದ ನೀರು ಹೆಪ್ಪುಗಟ್ಟದಂತೆ ತಡೆಯಲು ಏನೂ ಇರುವುದಿಲ್ಲ. ಮಾಡಲೇಬೇಕೆಂದರೆ ಒಂದು ಹೊತ್ತಿಗಾಗುವಷ್ಟೇ ಮಾಡಿ, ಅಂದೇ ಖಾಲಿ ಮಾಡಿ.